ಕೆಂಪು ಬಾವುಟದವನು ಬೇಕಾಗಿದ್ದಾನೆ

1865ರಲ್ಲಿ ಬ್ರಿಟನ್ನಿನಲ್ಲಿ ಒಂದು ಕಾನೂನು ಬಂತು. ಕುದುರೆಯಿಲ್ಲದೆ ತಾನೇ ಓಡುವ ಗಾಡಿ ರಸ್ತೆಗಿಳಿದರೆ, ಅದಕ್ಕಿಂತ 60 ಗಜ ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕು. ಊರೊಳಗೆ ವೇಗ ಗಂಟೆಗೆ 2 ಮೈಲಿ ಮೀರಬಾರದು. ಬಾವುಟದವನು ಆಕಳಿಸುತ್ತಾ ಹೋದರೂ ಗಾಡಿ ಅವನ ಹಿಂದೆಯೇ!

ಆ ಹುದ್ದೆಯನ್ನು ಈಗ ಮತ್ತೆ ತುಂಬಬೇಕಾಗಿದೆ. 2015ರಲ್ಲಿ ಜಪಾನಿನ ಮ್ಯಾಗ್ಲೆವ್ ರೈಲು, ಅಂದರೆ ಅಯಸ್ಕಾಂತದ ಬಲದಲ್ಲಿ ತೇಲಿಕೊಂಡು ಓಡುವ ರೈಲು, ಪರೀಕ್ಷೆಯಲ್ಲಿ ಗಂಟೆಗೆ 603 ಕಿ.ಮೀ. ಓಡಿದೆ. ಅದರ ಮುಂದೆ ಓಡಲು ಗಟ್ಟಿ ಮಂಡಿಯವರೊಬ್ಬರು ಬೇಕು.

ಈ ಯೋಚನೆ ಹೊಳೆದದ್ದು ಗೆಳೆಯನ ಬೈಕಿನ ಹಿಂದೆ ಕೂತಾಗ. ಅವನ ಹೆಲ್ಮೆಟ್ ಕನ್ನಡಿಗೆ ನೇತಾಡುತ್ತಿತ್ತು, ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಮಾತು ಹೈಪರ್‌ಲೂಪ್ ಬಗ್ಗೆ. "ಗಾಳಿ ತೆಗೆದ ಕೊಳವೆಯೊಳಗೆ ಮನುಷ್ಯರನ್ನ ತಳ್ತಾರಂತೆ. ಕೊಳವೆ ಬಿರುಕು ಬಿಟ್ರೆ ಏನ್ ಗತಿ? ಪ್ರಾಣದ ಜೊತೆ ಆಟ ಆಡ್ತಾರಲ್ಲ!" ಮುಂದೆ ಸಿಗ್ನಲ್ ಕೆಂಪಾಗಿತ್ತು. ಬರೀ ದೀಪ ತಾನೆ, ಬಾವುಟ ಅಲ್ವಲ್ಲ. ದಾಟಿಬಿಟ್ಟ.

ಅವನ ಪ್ರಶ್ನೆ ತಪ್ಪಲ್ಲ, ಎಂಜಿನಿಯರುಗಳೂ ಅದನ್ನೇ ಕೇಳುತ್ತಾರೆ. ಅವರು ಕೂತು ಕೇಳುತ್ತಾರೆ, ಅಷ್ಟೇ. 2020ರಲ್ಲಿ ಇಬ್ಬರು ಅಂಥದ್ದೊಂದು ಕೊಳವೆಯಲ್ಲಿ ಗಂಟೆಗೆ 172 ಕಿ.ಮೀ. ವೇಗದಲ್ಲಿ ಹೋಗಿ ಕ್ಷೇಮವಾಗಿ ಇಳಿದರು. ಸತ್ತಿದ್ದು ಆ ಕೊಳವೆ ಕಟ್ಟಿದ ಕಂಪನಿ, 2023ರ ಕೊನೆಗೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ರಸ್ತೆಗಳು ವರ್ಷಕ್ಕೆ ಸುಮಾರು 11.9 ಲಕ್ಷ ಜನರನ್ನು ನುಂಗುತ್ತವೆ. ಅದಕ್ಕೆ ನಾವು ಇಟ್ಟಿರುವ ಹೆಸರು ಹಣೆಬರಹ. ಅದೇ ಸಾವು ಹೊಸ ವಾಹನದಲ್ಲಾದರೆ ಹಣೆ ಮಾಯ, ಬರೀ ಹಗರಣ. ಜಪಾನಿನ ಬುಲೆಟ್ ರೈಲು ಶಿಂಕಾನ್ಸೆನ್ 1964ರಿಂದ ಓಡುತ್ತಿದೆ, ಹಳಿ ತಪ್ಪಿಯೋ ಡಿಕ್ಕಿ ಹೊಡೆದೋ ಒಬ್ಬ ಪ್ರಯಾಣಿಕನೂ ಸತ್ತಿಲ್ಲ ಅಂದೆ. ಗೆಳೆಯ ಬೆಚ್ಚಿಬಿದ್ದ. "ಇಷ್ಟು ವರ್ಷ ಆಗಿಲ್ವಾ? ಹಾಗಾದ್ರೆ ಇನ್ನೇನು ಆಗೋ ಸರದಿ ಬಂತು!"

ಇನ್ನೊಂದು ಪಂಗಡವೂ ಇದೆ. ಹೊಸ ಯಂತ್ರ ಕಂಡರೆ ಸಾಕು, ಕೈ ಮುಗಿಯುವವರು. 2006ರಲ್ಲಿ ಜರ್ಮನಿಯ ಲಾಥೆನ್‌ನಲ್ಲಿ ಮ್ಯಾಗ್ಲೆವ್ ರೈಲು ದುರಸ್ತಿ ವಾಹನಕ್ಕೆ ಗುದ್ದಿ 23 ಜನ ಸತ್ತರು. ಇವರನ್ನು ಕೇಳಿದರೆ, ತಂತ್ರಜ್ಞಾನದ ತಪ್ಪೇನೂ ಇಲ್ಲ, ತಪ್ಪೆಲ್ಲ ಮನುಷ್ಯರದು. ಮನುಷ್ಯರೇ ಇಲ್ಲದ ಊರಲ್ಲಿ ಓಡಿಸಿದರೆ ಪೂರ್ತಿ ಸುರಕ್ಷಿತ, ಅಲ್ವಾ?

ಅಂದಹಾಗೆ, ಬಾವುಟದ ಹುದ್ದೆಗೆ ಗೆಳೆಯನೇ ಮೊದಲ ಅರ್ಜಿ ಹಾಕಿದ್ದಾನೆ. ಅವನಿಗೆ ಒಂದೇ ಒಂದು ಅನುಮಾನ: ಅಷ್ಟು ಜೋರಾಗಿ ಓಡುವಾಗ ಹೆಲ್ಮೆಟ್ ಕಡ್ಡಾಯವೇ?