ವ್ಯಾಪ್ತಿ ಪ್ರದೇಶದ ಹೊರಗೆ

ಬೆನ್ನಿಗೆ ಹಾಕೋ ಚೀಲ ತುಂಬಿ, ಮೊಣಕಾಲೂರಿ ಅದರ ಜಿಪ್ ಎಳೆಯೋ ಹೊತ್ತಿಗೇ ಅವ್ವ ಬಾಗಿಲಲ್ಲಿ ಬಂದು ನಿಂತಳು. "ಮುಟ್ಟಿದ ಮ್ಯಾಲ ಫೋನ್ ಹಚ್ಚು."

ಎಲ್ಲಿಗೆ ಮುಟ್ಟಿದ ಮೇಲೆ? ನಾನು ಹೊರಟಿದ್ದು ಹಿಮಾಚಲದ ಸ್ಪಿತಿ ಕಣಿವೆಗೆ. ಹತ್ತು ದಿನ ನಡೆಯೋದೇ ಕೆಲಸ, ಮುಟ್ಟೋದು ಅಂತ ಯಾವ ಊರೂ ಇಲ್ಲ. ಹಾಗಂತ ಹೇಳಿದೆ. "ಹಂಗಾದ್ರ ಯಾಕ ಹೊಂಟಿ?" ಅಂದಳು. ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ನಮ್ಮದೇ ಕಲಬುರಗಿ ಜಿಲ್ಲೆಯ ಗಡಿಯಲ್ಲಿರೋ, ಚಿಂಚೋಳಿ ಕಡೆಯ ಕುಂಚಾವರಂ ಕಾಡಿಗೆ ಹೋದಾಗಲೂ ನನ್ನ ಫೋನ್ ಸತ್ತೇ ಬಿದ್ದಿರುತ್ತದೆ. ಜೀವ ಬಂದರೂ ತೆಲಂಗಾಣಕ್ಕೆ ಸ್ವಾಗತ ಅನ್ನುತ್ತದೆ. ಆಗ ಮನೆಯಲ್ಲಿ ಯಾರಿಗೂ ಚಿಂತೆ ಇಲ್ಲ. "ಚಿಂಚೋಳಿ ಕಡಿ ಹೋಗ್ಯಾನ" ಅಂದು ಹಾಯಾಗಿ ಮಲಗುತ್ತಾರೆ.

ಈ ಫೋನ್ ಹಚ್ಚೋ ಕಾಟ ಹಳೇದು. ನಾನು ಧಾರವಾಡದಲ್ಲಿ ಓದುವಾಗ ನಮ್ಮೂರು ಇನ್ನೂ ಗುಲ್ಬರ್ಗಾ, ಕಲಬುರಗಿ ಆಗಿದ್ದು 2014ರಲ್ಲಿ. ಮನೆಯಲ್ಲಿ ಫೋನ್ ಇರಲಿಲ್ಲ. ಪಕ್ಕದ ಕಿರಾಣಿ ಅಂಗಡಿಯಲ್ಲಿತ್ತು. ರಾತ್ರಿ ಹನ್ನೊಂದರ ಮೇಲೆ ಎಸ್‌ಟಿಡಿಗೆ (ಹೊರ ಊರಿನ ಕರೆಗೆ) ಕಾಲು ಚಾರ್ಜು ನಿಜ, ಆದರೆ ಅಷ್ಟೊತ್ತಿಗೆ ಅಂಗಡಿ ಮುಚ್ಚಿರುತ್ತಿತ್ತು. ಅದಕ್ಕೆ ಅಪ್ಪ ಒಂದು ಲೆಕ್ಕ ಮಾಡಿದ್ದರು. ಒಂದು ರಿಂಗ್ ಆಗಿ ಕಟ್ ಆದರೆ ಮುಟ್ಟಿದ್ದೇನೆ. ಎರಡಾದರೆ ದುಡ್ಡು ಕಳಿಸಿ. ಮೂರಾದರೆ ಕೂಡಲೇ ಬನ್ನಿ. ಯಾರೂ ಎತ್ತಬಾರದು, ಮೀಟರ್ ಓಡಬಾರದು. ಬೂತಿನವನು ನನ್ನನ್ನು ಕಳ್ಳನ ಹಾಗೆ ನೋಡುತ್ತಿದ್ದ.

ರಿಂಗ್ ಎಣಿಸಬೇಕಾದವರು ಅಂಗಡಿಯ ಸಾಹುಕಾರರು. ಅವರು ತೊಗರಿಬೇಳೆ ತೂಗುತ್ತಾ ಎಣಿಸಬೇಕು. ಒಮ್ಮೆ ದೀಪಾವಳಿ ರಜೆ ಮುಗಿಸಿ ಹೋದವನು ಒಂದೇ ರಿಂಗ್ ಕೊಟ್ಟೆ. ನಾನು ಇವತ್ತಿಗೂ ಹೇಳುತ್ತೇನೆ, ಒಂದೇ. ಅದರ ಹಿಂದೆಯೇ ಬೇರೆ ಯಾರೋ ಎರಡು ಸಲ ಹಚ್ಚಿ ಕಟ್ ಮಾಡಿರಬೇಕು. ಸಾಹುಕಾರರು ಒಟ್ಟು ಕೂಡಿಸಿಬಿಟ್ಟರು. ವ್ಯಾಪಾರದವರು ನೋಡಿ! ಮರುದಿನ ಬೆಳಿಗ್ಗೆ ಅಪ್ಪ ಹಾಸ್ಟೆಲ್ ಬಾಗಿಲಲ್ಲಿ. ಒಂದು ಕೈಯಲ್ಲಿ ಕಟಿ ರೊಟ್ಟಿ, ಶೇಂಗಾ ಹಿಂಡಿಯ ಗಂಟು. ಇನ್ನೊಂದು ಕೈಯಲ್ಲಿ ನನ್ನ ಸ್ವೆಟರ್, ಯಾಕೋ ಗೊತ್ತಿಲ್ಲ. ಹಲ್ಲುಜ್ಜುತ್ತಾ ನಿಂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈಯಲಿಲ್ಲ. ಮೆಸ್ಸಿನಲ್ಲಿ ಉಂಡು, ಸಾರು ನೀರಾಗಿದೆ ಅಂದು, ಸಂಜೆ ಬಸ್ಸಿಗೆ ಹೊರಟುಹೋದರು. ಸ್ವೆಟರನ್ನೂ ವಾಪಸ್ ಒಯ್ದರು.

ಈಗ ಲೆಕ್ಕ ಜಾಸ್ತಿ ಸುಧಾರಿಸಿದೆ ಅಂತಾರೆ. ತಂಗಿಯ ಮಗ ನನ್ನ ಫೋನಿನಲ್ಲಿ ಲೈವ್ ಲೊಕೇಶನ್ ಹಾಕಿಕೊಟ್ಟ. ಸ್ಪಿತಿಯ ದಾರಿಯಲ್ಲಿ ಕಿನ್ನೌರ್ ಜಿಲ್ಲೆ ದಾಟುವಾಗ ಸಿಗ್ನಲ್ ಹೋಯಿತು, ನನ್ನ ಚುಕ್ಕೆ ಸಟ್ಲೆಜ್ ನದಿಯ ಮೇಲೆ ನಿಂತಿತು. ಇಲ್ಲಿ ಅವ್ವ, "ಹೊಳ್ಯಾಗ ನಿಂತಾನ, ಯಾರರೆ ಎಬ್ಬಸ್ರಿ" ಅಂತ ಓಣಿಯನ್ನೆಲ್ಲ ಕೂಡಿಸಿದ್ದಳಂತೆ. ಸ್ಯಾಟಲೈಟ್ ಫೋನ್ ಒಯ್ಯಬೇಕಿತ್ತು ಅಂದರು ಒಬ್ಬರು. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಂಡರೆ ಪೊಲೀಸರು ಹಿಡಿಯುತ್ತಾರೆ. ಆಗಂತೂ ಮನೆಯವರಿಗೆ ನಾನೆಲ್ಲಿದ್ದೇನೆ ಅಂತ ಖಚಿತವಾಗಿ ಗೊತ್ತಾಗುತ್ತಿತ್ತು.

ಸ್ಪಿತಿಯ ಕಾಜಾ ಪಟ್ಟಣದಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಕ್ಕಿತು. ಏಳು ಸಲ ಹಚ್ಚಿದೆ. ಅವ್ವ ಎತ್ತಲಿಲ್ಲ. ಫೋನ್ ಜೋಳದ ಡಬ್ಬಿ ಮೇಲೆ ಚಾರ್ಜಿಗಿತ್ತಂತೆ, ಅವಳು ಮಾಳಿಗೆ ಮೇಲೆ ಹಪ್ಪಳ ಹಾಕುತ್ತಿದ್ದಳಂತೆ. ಇಷ್ಟಕ್ಕೂ ವ್ಯಾಪ್ತಿ ಪ್ರದೇಶದ ಹೊರಗಿದ್ದವರು ಯಾರು?

ಸಿಟ್ಟು ಬಂತು. ಅಲ್ಲಿಂದ ಹಿಕ್ಕಿಮ್ ಹಳ್ಳಿಯ ಅಂಚೆ ಕಚೇರಿಗೆ ಹೋದೆ. ಹದಿನಾಲ್ಕು ಸಾವಿರ ಅಡಿ ಮೇಲಿನ ಆ ಪುಟ್ಟ ಅಂಚೆ ಕಚೇರಿ 1983ರಿಂದ ಇದೆ. ಬೆರಳು ಮರಗಟ್ಟಿ ಅಕ್ಷರ ಸೊಟ್ಟಾದವು. ಒಂದು ಕಾರ್ಡಿನಲ್ಲಿ ಮೂರೇ ಪದ ಗೀಚಿ ಡಬ್ಬಿಗೆ ಹಾಕಿದೆ: "ಮುಟ್ಟಿದೆ. ಆರಾಮ ಇದ್ದೇನೆ."

ನಾನು ಊರಿಗೆ ಬಂದು ಮೂರು ವಾರಕ್ಕೆ ಅದು ಬಂತು. ಅವ್ವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಆಮೇಲೆ ಗೋಡೆಯಾಚೆ ಪಕ್ಕದ ಮನೆಯವರಿಗೆ ಕೂಗಿ ಹೇಳಿದಳು, "ಮುಟ್ಟ್ಯಾನಂತ ನೋಡ್ರಿ, ಆರಾಮ ಅದಾನಂತ." ನಾನು ಕಟ್ಟೆ ಮೇಲೆ ಚಹಾ ಕುಡಿಯುತ್ತಾ ಕೂತಿದ್ದೆ.