ಮುಗಿದ ಕೆಲಸದ ಲೆಕ್ಕವೊಂದೇ ಸಾಲದು

ಸಮುದ್ರದ ತೈಲ ವೇದಿಕೆಗಳಲ್ಲಿ ನಿರ್ವಹಣೆ ಹೇಗಿದೆ ಎಂದು ತಿಳಿಯಲು ಸಮಯಕ್ಕೆ ಮುಗಿದ ಕೆಲಸಗಳ ಶೇಕಡಾವಾರು ಸಾಕು ಎಂದು ಒಂದು ಲೇಖನ ಹೇಳುತ್ತದೆ. ನಾನು ಒಪ್ಪುವುದಿಲ್ಲ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆಯಲ್ಲಿ ಆಗಿದ್ದನ್ನು ನೋಡಿ. ಒಂದು ಪಂಪಿನ ಸೇಫ್ಟಿ ವಾಲ್ವ್ (ಒತ್ತಡ ಮಿತಿಮೀರಿದರೆ ತೆರೆದುಕೊಳ್ಳುವ ಕವಾಟ) ಬಿಚ್ಚಿ, ಆ ಜಾಗಕ್ಕೆ ಬರೀ ಲೋಹದ ಮುಚ್ಚಳ ಹಾಕಿದ್ದರು. ಸಂಜೆ ಶಿಫ್ಟ್ ಬದಲಾಯಿತು. ವಾಲ್ವ್ ಇಲ್ಲ ಅನ್ನೋ ಮಾತು ರಾತ್ರಿ ಪಾಳಿಗೆ ತಲುಪಲೇ ಇಲ್ಲ. ಇನ್ನೊಂದು ಪಂಪ್ ನಿಂತಾಗ ವಾಲ್ವ್ ಇಲ್ಲದ ಈ ಪಂಪನ್ನೇ ಚಾಲೂ ಮಾಡಿದರು. ಮುಚ್ಚಳದ ಕಡೆಯಿಂದ ಗ್ಯಾಸ್ ಸೋರಿ ಸ್ಫೋಟವಾಯಿತು. 167 ಜನ ಸತ್ತರು. ಅರ್ಧಕ್ಕೆ ನಿಂತ ಕೆಲಸ ಎಷ್ಟಿದೆ, ಮುಂದಿನ ಪಾಳಿಗೆ ಅದು ಗೊತ್ತಿದೆಯಾ ಅನ್ನೋದನ್ನೂ ಅಳೆಯಬೇಕು ಅಲ್ವಾ? ಸೋರಿದ ಗ್ಯಾಸೂ ಲೆಕ್ಕಕ್ಕೆ ಬರಬೇಕು. ಸೀಲ್ ಸವೆದ ಕಂಪ್ರೆಸರ್ ಓಡುತ್ತಲೇ ಇರುತ್ತದೆ, ಮೀಥೇನ್ ಮಾತ್ರ ಸುಮ್ನೆ ಗಾಳಿಗೆ ಹೋಗುತ್ತಿರುತ್ತದೆ.