ಗೋಡೆಗೆ ಚಂದ, ಕೋಣೆಗೆ ಚಳಿ

ಹೋದ ವರ್ಷ ನಮ್ಮ ಹಾಲ್‌ಗೆ ಹೊಸ ರೇಡಿಯೇಟರ್ ತಂದೆ. ಕಾರಿನದಲ್ಲ ಮತ್ತೆ, ಮನೆ ಬೆಚ್ಚಗೆ ಮಾಡುವುದು. ಬಾಯ್ಲರ್‌ನಲ್ಲಿ ಕಾದ ನೀರು ಪೈಪಿನಲ್ಲಿ ಬಂದು, ಇದರ ಹೊಟ್ಟೆಯೊಳಗೆ ಸುತ್ತಿ, ಕೋಣೆಗೆ ಬಿಸಿ ಕೊಟ್ಟು ವಾಪಸ್ ಹೋಗುತ್ತದೆ. ಅಷ್ಟೇ ಅದರ ಕೆಲಸ. ಆದರೆ ನಾನು ತಂದದ್ದು ಡಿಸೈನರ್ ರೇಡಿಯೇಟರ್. ಆಳೆತ್ತರ, ತೆಳ್ಳಗೆ, ಕನ್ನಡಿ ಹಾಗೆ ಹೊಳೆಯುವ ಕ್ರೋಮ್. ಮನೆಗೆ ಬಂದವರೆಲ್ಲ ಬಾಯ್ತುಂಬ ಹೊಗಳಿದರು. ಶಾಲು ಹೊದ್ದುಕೊಂಡೇ ಹೊಗಳಿದರು.

"ಚೆನ್ನಾಗಿದೆ ಕಣೇ, ಆದ್ರೆ ಬಿಸಿ ಎಲ್ಲಿ?" ಅಂದರು ನಮ್ಮನೆಯವರು. ನನಗೆ ಸಿಟ್ಟು ಬಂತು. ಬಾಯ್ಲರ್ ಸರಿ ಇಲ್ಲ ಅಂದೆ. ರೇಡಿಯೇಟರ್ ಒಳಗೆ ಗಾಳಿ ತುಂಬಿಕೊಂಡಿದೆ ಅಂದೆ. ಕೀಲಿ ತಿರುಗಿಸಿ ಗಾಳಿಯನ್ನೂ ಬಿಟ್ಟೆವು. ಮುಟ್ಟಿದರೆ ಕೈ ಸುಡುತ್ತದೆ, ಎರಡು ಹೆಜ್ಜೆ ಆಚೆ ನಿಂತರೆ ಏನೂ ಇಲ್ಲ! ಆಮೇಲೆ ಕೂತು ಕ್ಯಾಟಲಾಗ್‌ನ ಸಣ್ಣ ಅಕ್ಷರ ಓದಿದೆ. ತಪ್ಪು ರೇಡಿಯೇಟರ್‌ದಲ್ಲ, ನನ್ನದೇ.

ಮೊದಲ ತಪ್ಪು ಕ್ರೋಮ್. ಲೋಹ ಹೊಳೆದಷ್ಟೂ ಶಾಖವನ್ನು ಕಿರಣವಾಗಿ ಹೊರಗೆ ಬಿಡುವುದು ಕಡಿಮೆ. ಬಣ್ಣ ಬಳಿದ ಮೈ ಧಾರಾಳಿ, ಪಾಲಿಶ್ ಮಾಡಿದ ಮೈ ಜಿಪುಣ. ಅಳತೆ, ಆಕಾರ ಎಲ್ಲ ಒಂದೇ ಇದ್ದರೂ ಬಣ್ಣದ್ದಕ್ಕಿಂತ ಕ್ರೋಮ್‌ನದ್ದು ಕಾಲು ಭಾಗದಷ್ಟು ಕಡಿಮೆ ಬಿಸಿ ಕೊಡುವುದು ಮಾಮೂಲಿ. ಒಂದು ತಮಾಷೆ ಗೊತ್ತಾ? ಕಪ್ಪು ಬಣ್ಣ ಜಾಸ್ತಿ ಬಿಸಿ ಕೊಡುತ್ತದೆ ಅನ್ನುತ್ತಾರಲ್ಲ, ಅದು ಇಲ್ಲಿ ನಡೆಯುವುದಿಲ್ಲ. ಈ ಶಾಖ ಕಣ್ಣಿಗೆ ಕಾಣದ ಕಿರಣ. ಅದರ ಲೆಕ್ಕದಲ್ಲಿ ಬಿಳಿ ಪೇಂಟು, ಕಪ್ಪು ಪೇಂಟು ಎರಡೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಬಣ್ಣ ನಿಮ್ಮಿಷ್ಟ.

ಎರಡನೆಯ ತಪ್ಪು ದೊಡ್ಡದು. ಇಷ್ಟು ಬಿಸಿ ಕೊಡುತ್ತದೆ ಅಂತ ಪೆಟ್ಟಿಗೆ ಮೇಲೆ ಬರೆದ ನಂಬರ್ ನಂಬಿದ್ದು. ಬಿಟಿಯು ಅನ್ನುವುದು ಶಾಖದ ಒಂದು ಅಳತೆ, ಆ ಲೆಕ್ಕದಲ್ಲಿ ಬರೆದರೆ ನಂಬರ್ ದೊಡ್ಡದಾಗಿ ಕಾಣುತ್ತದೆ. ಗಂಟೆಗೆ 3412 ಬಿಟಿಯು ಅಂದರೆ ಬರೀ 1000 ವ್ಯಾಟ್. ಅದೂ ಯಾವ ನೀರಿಗೆ? ರೇಡಿಯೇಟರ್ ಪರೀಕ್ಷೆಗೆ ಇರುವ ಯುರೋಪಿನ ಇಎನ್ 442 ಮಾನದಂಡದಲ್ಲಿ ನೀರು 75 ಡಿಗ್ರಿಯಲ್ಲಿ ಒಳಗೆ ಹೋಗಿ 65ರಲ್ಲಿ ಹೊರಗೆ ಬರಬೇಕು, ಕೋಣೆ 20 ಡಿಗ್ರಿ ಇರಬೇಕು. ನೀರಿನ ಸರಾಸರಿ 70, ಕೋಣೆಗೂ ಅದಕ್ಕೂ 50 ಡಿಗ್ರಿ ವ್ಯತ್ಯಾಸ. ಕ್ಯಾಟಲಾಗ್‌ನಲ್ಲಿ 'ಡೆಲ್ಟಾ ಟಿ 50' ಅಂತ ಇರುವುದು ಇದೇ. ಕೆಲವು ಕಡೆ ಡೆಲ್ಟಾ ಟಿ 60ರ ಲೆಕ್ಕ ಹಾಕಿರುತ್ತಾರೆ, ಆಗ ಅದೇ ರೇಡಿಯೇಟರ್ ಕಾಗದದ ಮೇಲೆ ಕಾಲು ಭಾಗ ಜಾಸ್ತಿ ಬಲಶಾಲಿ.

ನಮ್ಮ ಮನೆಯಲ್ಲಿ ನೀರು 55ರಲ್ಲಿ ಹೋಗಿ 45ರಲ್ಲಿ ವಾಪಸ್ ಬರುತ್ತದೆ. ವ್ಯತ್ಯಾಸ ಬರೀ 30. ಆಗ 1000 ವ್ಯಾಟ್ ಅಂತ ಬರೆದದ್ದು ಕೊಡುವುದು 500ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನೀರನ್ನು ಇನ್ನೂ ಕಾಯಿಸಬಹುದಿತ್ತಲ್ವಾ ಅಂತ ಕೇಳಬೇಡಿ. ಹೊಗೆಯಲ್ಲಿರುವ ಆವಿಯಿಂದಲೂ ಶಾಖ ಹಿಂಡಿಕೊಳ್ಳುವ ಕಂಡೆನ್ಸಿಂಗ್ ಬಾಯ್ಲರ್ ಉಳಿತಾಯ ಮಾಡುವುದೇ ವಾಪಸ್ ಬರುವ ನೀರು ತಣ್ಣಗಿದ್ದಾಗ. ಹೊರಗಿನ ಗಾಳಿಯಿಂದಲೋ ನೆಲದಿಂದಲೋ ಶಾಖ ಎಳೆದು ನೀರು ಕಾಯಿಸುವ ಹೀಟ್ ಪಂಪ್ ಇರುವವರ ನೀರು ಇನ್ನೂ ತಣ್ಣಗೆ, ಅವರಿಗೆ ರೇಡಿಯೇಟರ್ ಇನ್ನೂ ದೊಡ್ಡದು ಬೇಕು. ಅದಕ್ಕೇ ಹೇಳುವುದು: ಮೊದಲು ಕೋಣೆಗೆ ಎಷ್ಟು ವ್ಯಾಟ್ ಬೇಕು ಅಂತ ಲೆಕ್ಕ ಹಾಕಿಸಿ. ಹೊರಗೋಡೆ ಎಷ್ಟು, ಕಿಟಕಿ ಎಷ್ಟು, ಸೂರು ಎಷ್ಟು ಎತ್ತರ, ಎಲ್ಲ ಸೇರಿಸಿ. ಆ ವ್ಯಾಟ್ ನಿಮ್ಮ ಮನೆ ನೀರಿನಲ್ಲಿ ಯಾವುದು ಕೊಡುತ್ತದೋ ಅವುಗಳಲ್ಲಿ ಚಂದದ್ದು ಆರಿಸಿ. ನಾನು ಮಾಡಿದ್ದು ಉಲ್ಟಾ.

ಯಾವ ಲೋಹ ಅನ್ನುವುದೂ ನೀವು ಬದುಕುವ ರೀತಿಗೆ ಸೇರಿದ ವಿಷಯ. ಬೀಡು ಕಬ್ಬಿಣದ್ದು ನಿಧಾನಕ್ಕೆ ಕಾಯುತ್ತದೆ, ಬಾಯ್ಲರ್ ಆರಿಸಿದ ಮೇಲೂ ಬಹಳ ಹೊತ್ತು ಬಿಸಿ ಇಟ್ಟುಕೊಂಡಿರುತ್ತದೆ. ದಿನವಿಡೀ ಮನೆಯಲ್ಲಿರುವವರಿಗೆ ಅದು ಸುಖ. ಸಂಜೆ ಬಂದು ಎರಡು ಗಂಟೆ ಹಾಕುವವರಿಗೆ ಅಲ್ಯೂಮಿನಿಯಂ ವಾಸಿ, ಬೇಗ ಬಿಸಿಯಾಗುತ್ತದೆ. ಆದರೆ ಅಲ್ಯೂಮಿನಿಯಂ, ಸ್ಟೀಲು, ತಾಮ್ರದ ಪೈಪು ಎಲ್ಲ ಒಂದೇ ನೀರಿಗೆ ಸೇರಿದಾಗ ಒಳಗೆ ಸವೆತ ಶುರುವಾಗಬಹುದು. ಅದಕ್ಕೆ ಸವೆತ ತಡೆಯುವ ಸರಿಯಾದ ಇನ್‌ಹಿಬಿಟರ್ ದ್ರಾವಣ ಹಾಕಿಸಲೇಬೇಕು.

ಬೀಡು ಕಬ್ಬಿಣ ಅಂದಾಗ ನೆನಪಾಯಿತು. 1850ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಫ್ರಾಂಜ್ ಸ್ಯಾನ್ ಗಲ್ಲಿ ಎಂಬಾತ ರೇಡಿಯೇಟರ್ ಮಾಡಿದ ಅನ್ನುತ್ತಾರೆ. ಆಮೇಲೆ ಬಂದ ಎಷ್ಟೋ ಹಳೇ ರೇಡಿಯೇಟರ್‌ಗಳ ಮೈಮೇಲೆ ಹೂಬಳ್ಳಿಯ ಕೆತ್ತನೆ ಇದೆ. ಅಂದಕ್ಕೆ ಮರುಳಾದವಳು ನಾನೊಬ್ಬಳೇ ಅಲ್ಲ ಅಂತ ಸಮಾಧಾನ. ಆದರೆ ಬೀಡು ಕಬ್ಬಿಣ ಮೊದಲೇ ಭಾರ, ಅದಕ್ಕೆ ನೀರಿನ ಭಾರವೂ ಸೇರುತ್ತದೆ. ಜಿಪ್ಸಂ ಬೋರ್ಡಿನ ಗೋಡೆಯಾದರೆ ಅದನ್ನು ನೇತುಹಾಕುವ ಯೋಚನೆ ಬಿಡಿ, ಕಾಲಿರುವುದನ್ನು ನೋಡಿ.

ಜಾಗದ ವಿಷಯಕ್ಕೆ ಬಂದರೆ, ಹಳಬರು ಕಿಟಕಿ ಕೆಳಗೆ ಇಡುತ್ತಿದ್ದುದು ಸುಮ್ನೆ ಅಲ್ಲ. ಗಾಜಿಗೆ ತಾಗಿ ತಣ್ಣಗಾದ ಗಾಳಿ ಕೆಳಗಿಳಿದು ಕಾಲಿಗೆ ಬಡಿಯುತ್ತದೆ. ಕೆಳಗಿನಿಂದ ಏಳುವ ಬಿಸಿಗಾಳಿ ಅದನ್ನು ತಡೆಯುತ್ತದೆ. ಆದರೆ ಉದ್ದ ಪರದೆ ಬಿಟ್ಟು ರೇಡಿಯೇಟರ್ ಮುಚ್ಚಿದರೆ ಎಲ್ಲ ವ್ಯರ್ಥ. ಥರ್ಮೋಸ್ಟಾಟ್ ವಾಲ್ವ್ ಪರದೆ ಹಿಂದೆ ಸಿಕ್ಕಿಕೊಂಡರಂತೂ ಕೋಣೆ ಬೆಚ್ಚಗಾಯಿತು ಅಂದುಕೊಂಡು ನೀರನ್ನೇ ನಿಲ್ಲಿಸುತ್ತದೆ. ನನ್ನ ಹಾಗೆ ಎದುರಿಗೆ ಸೋಫಾ ಇಟ್ಟರೆ ಬೆಚ್ಚಗಾಗುವುದು ಸೋಫಾದ ಬೆನ್ನು.

ಇನ್ನು ಪೈಪು. ಹಳೆಯದರ ಎರಡು ಪೈಪುಗಳ ನಡುವಿನ ಅಂತರ ಅಳೆದುಕೊಳ್ಳದೆ ಆರ್ಡರ್ ಮಾಡಬೇಡಿ. ನಾನು ಅಳೆಯಲಿಲ್ಲ, ಪೈಪು ಸರಿಸಲು ನೆಲ ಬಗೆದರು.

ಈಗ ಹಾಲ್‌ನಲ್ಲಿ ಕಿಟಕಿ ಕೆಳಗೆ ಬಿಳಿ ಸ್ಟೀಲ್ ಕೊಳವೆಗಳ ರೇಡಿಯೇಟರ್ ಇದೆ. ನೋಡಲು ಲಕ್ಷಣವಾಗಿದೆ, ಅಗಲವೂ ಇದೆ. ಕ್ರೋಮ್ ಸುಂದರಿ ಬಚ್ಚಲಿಗೆ ಹೋದಳು. ಕೋಣೆ ಚಿಕ್ಕದು, ಅಲ್ಲಿ ಅವಳ ಬಿಸಿ ಸಾಕು. ಆದರೆ ನಮ್ಮನೆಯವರು ಅದರ ಮೇಲೆ ಮೂರು ಟವೆಲ್ ಹೊದಿಸಿ ಇಡುತ್ತಾರೆ. ಹೊಳಪೂ ಕಾಣುವುದಿಲ್ಲ, ಬಿಸಿಯೂ ಹೊರಗೆ ಬರುವುದಿಲ್ಲ.